ಡಿಸ್ಕಿನ ಬಲಗಡೆ

ಮನೆಯ ರಿಪೇರಿಗೆ ಹೊರಗಿನವರನ್ನು ಕರೆಯಬಾರದು ಎಂಬುದು ನನ್ನ ಹಳೆಯ ಸಿದ್ಧಾಂತ. ಆದ್ದರಿಂದ ಕುವೆಂಪುನಗರದ ನಮ್ಮ ಮನೆಯ ಸ್ಟೋರೇಜ್ ಸರ್ವರ್‌ನಲ್ಲಿ ಒಂದು ಡಿಸ್ಕ್ ಕೆಟ್ಟಿದೆ ಎಂದು ಫೋನಿಗೆ ಸಂದೇಶ ಬಂದಾಗ ನನಗೆ ಭಯವಾಗಲಿಲ್ಲ. ಹುರುಪು ಬಂತು!

ಸರ್ವರ್ ಎಂದರೆ ಮನೆಯ ಫೋಟೊ, ಹಾಡು, ಬರಹಗಳನ್ನೆಲ್ಲ ಕೂಡಿಡುವ ಟಿಫಿನ್ ಕ್ಯಾರಿಯರ್ ಗಾತ್ರದ ಪೆಟ್ಟಿಗೆ. ಒಳಗೆ ಅಕ್ಕಪಕ್ಕ ಎರಡು ಡಿಸ್ಕ್. ಒಂದರಲ್ಲಿ ಇರುವುದೆಲ್ಲ ಇನ್ನೊಂದರಲ್ಲೂ ಇರುತ್ತದೆ. ಒಂದು ಸತ್ತರೆ ಇನ್ನೊಂದು ಕಾಪಾಡುತ್ತದೆ. ಯುಪಿಎಸ್ ಪ್ಲಗ್ ಅಲ್ಲೇ ಇದ್ದುದರಿಂದ ದೇವರ ಗೂಡಿನ ಕೆಳಗೇ ಅದನ್ನು ಪ್ರತಿಷ್ಠಾಪಿಸಿದ್ದೆ. ಅದರೊಳಗಿನ ದೊಡ್ಡ ಆಸ್ತಿ, ತೀರಿಹೋದ ನನ್ನ ಮಾವನವರು ಹಾಡಿದ ವಚನಗಳು. ಹನ್ನೊಂದು ಕ್ಯಾಸೆಟ್ಟುಗಳಿಂದ ನಾನೇ ಇಳಿಸಿದ್ದೆ. ಇಳಿಸಿದ ಮೇಲೆ ಬೂಷ್ಟು ಹಿಡಿದ ಕ್ಯಾಸೆಟ್ಟುಗಳನ್ನು ಎಸೆದವನೂ ನಾನೇ. ಹೆಂಡತಿ ಗಿರಿಜ ಬೇಡವೆಂದಿದ್ದಳು. ಕಾಲ ಬದಲಾಗಿದೆ ಎಂದು ಅವಳಿಗೆ ಅರ್ಧ ಗಂಟೆ ಉಪದೇಶ ಮಾಡಿದ್ದೆ.

ದೇವರಾಜ ಮೊಹಲ್ಲಾದಿಂದ ಹೊಸ ಡಿಸ್ಕ್ ತರುವಷ್ಟರಲ್ಲಿ, ಪೂಜೆಯ ಹೊತ್ತಿಗೆ ಕುಂಯ್‌ಗುಟ್ಟುತ್ತಿದೆ ಎಂದು ಗಿರಿಜ ಪೆಟ್ಟಿಗೆಯನ್ನು ಆಫ್ ಮಾಡಿದ್ದಳು. ಕೆಟ್ಟ ಡಿಸ್ಕನ್ನು ಸುಮ್ಮನೆ ಓಡಿಸಬಾರದೆಂದು ಎಲ್ಲೋ ಓದಿದ್ದೆ. ಹಾಗಾಗಿ ಮತ್ತೆ ಆನ್ ಮಾಡದೆ, ಕೆಟ್ಟ ಡಿಸ್ಕನ್ನು ತೋರಿಸುವ ಕೆಂಪು ದೀಪ ಯಾವ ಕಡೆಯದಕ್ಕೆ ಹತ್ತಿತ್ತು ಎಂದು ಅವಳನ್ನೇ ಕೇಳಿದೆ. ಬಲಗಡೆಯದಕ್ಕೆ ಎಂದಳು. ಬಲಗಡೆಯದನ್ನು ಎಳೆದೆ, ಹೊಸದನ್ನು ತಳ್ಳಿದೆ. ಐದು ನಿಮಿಷದ ಕೆಲಸ!

ಅಲ್ಲಿಗೆ ನಿಲ್ಲಿಸಿದ್ದರೆ ಮಾನ ಉಳಿಯುತ್ತಿತ್ತು. ಹಳೆಯ ಡಿಸ್ಕನ್ನು ಹಾಗೇ ಗುಜರಿಗೆ ಹಾಕಿದರೆ ಕಳ್ಳರು ಅದನ್ನು ಓದುತ್ತಾರಂತೆ. ಮಾವನವರ ವಚನ ಕೇಳಿ ಕಳ್ಳ ಉದ್ಧಾರವಾಗುತ್ತಿದ್ದನೇ ಹೊರತು ನಮಗೇನೂ ನಷ್ಟವಿರಲಿಲ್ಲ. ಆದರೂ ನಿಯಮ ನಿಯಮವೇ. ಹಿತ್ತಲಿನ ಒಗೆಯುವ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಒಂಬತ್ತು ಏಟು ಹಾಕಿದೆ. ದತ್ತಾಂಶ ಸಂರಕ್ಷಣಾ ಕಾರ್ಯ ಸಾಂಗವಾಗಿ ನೆರವೇರಿತು.

ಒಳಗೆ ಬಂದು ಸ್ವಿಚ್ ಹಾಕಿದೆ. ಎಡಗಡೆಯ ಡಿಸ್ಕಿಗೆ ಕೆಂಪು ದೀಪ ಹತ್ತಿತು!

ಗಿರಿಜಳನ್ನು ಕರೆದು, ಬಲಗಡೆ ಅಂದೆಯಲ್ಲ ಎಂದೆ.

"ಹೂಂ, ಅದರ ಬಲಗಡೆ. ದೇವರ ಬಲಕ್ಕೆ ದೀಪ ಇಡಿ ಅಂದ್ರೆ ನಿಮ್ಮ ಬಲಕ್ಕೆ ಇಡ್ತೀರೇನ್ರೀ?"

ಅದನ್ನು ದೇವರ ಗೂಡಿನ ಕೆಳಗೆ ಇಟ್ಟವನು ನಾನೇ. ಒಗೆಯುವ ಕಲ್ಲಿನ ಮೇಲೆ ಚೂರಾಗಿ ಬಿದ್ದಿರುವುದು ಆರೋಗ್ಯವಂತ ಡಿಸ್ಕು ಎಂದು ಒಪ್ಪಿಕೊಂಡೆ. ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಅವಳು ಬೈಯಲಿಲ್ಲ. ಗೂಡಿನ ಮುಂದೆ ಕುಳಿತುಬಿಟ್ಟಳು.

"ಅಪ್ಪನ ದನಿ ನಂಗೆ ಬೇಕು ಕಣ್ರೀ," ಎಂದಳು.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಉಳಿದ ದಾರಿ ಒಂದೇ: ಕೆಟ್ಟರೂ ಇನ್ನೂ ಪೂರ್ತಿ ಸಾಯದಿದ್ದ ಎಡಗಡೆಯ ಡಿಸ್ಕಿನಿಂದ ಹೊಸದಕ್ಕೆ ಎಲ್ಲವೂ ಕಾಪಿಯಾಗಬೇಕು. ಆರು ಗಂಟೆ ಬೇಕೆಂದು ಲ್ಯಾಪ್‌ಟಾಪ್ ಪರದೆ ತೋರಿಸಿತು. ಕರೆಂಟ್ ಹೋದರೆ ಯುಪಿಎಸ್ ಇಪ್ಪತ್ತು ನಿಮಿಷ ತಡೆಯುತ್ತದೆ, ಅಷ್ಟೆ. ಡಿಸ್ಕು ಕಟಕಟ ಹಲ್ಲು ಕಡಿಯುತ್ತಿತ್ತು. ಅದಕ್ಕೆ ಸೆಕೆಯಾಗದಿರಲೆಂದು ನಾನು ಬೀಸಣಿಗೆ ಹಿಡಿದು ಕುಳಿತೆ. ನಲವತ್ತು ಪರ್ಸೆಂಟಿಗೆ ಕರೆಂಟ್ ಹೋಯಿತು. ಯುಪಿಎಸ್ ಕಿರುಚತೊಡಗಿತು. ಗಿರಿಜ ಕಣ್ಣು ಮುಚ್ಚಿ ಕೈ ಮುಗಿದಳು. ನಾಸ್ತಿಕನೆಂದು ಬೀದಿಗೆಲ್ಲ ಹೇಳಿಕೊಂಡಿದ್ದ ನಾನೂ ಬೀಸಣಿಗೆ ಕೆಳಗಿಟ್ಟು ಮುಗಿದೆ. ಹದಿನೇಳನೇ ನಿಮಿಷಕ್ಕೆ ಕರೆಂಟ್ ಬಂತು. ಎಪ್ಪತ್ತೊಂದಕ್ಕೆ ಬಂದು ಪರದೆ ಮುಕ್ಕಾಲು ಗಂಟೆ ಮಿಸುಕಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಕಾಪಿ ಮುಗಿಯಿತು. ಮೊದಲ ವಚನ ಒತ್ತಿದೆ. ಮಾವನವರು ಎರಡು ಸಲ ಕೆಮ್ಮಿ, ಗಂಟಲು ಸರಿಮಾಡಿಕೊಂಡು ಹಾಡಲು ಶುರುಮಾಡಿದರು. ಗಿರಿಜ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನನ್ನ ಕಣ್ಣೂ ತುಂಬಿತು. ಹನ್ನೊಂದೂ ಕ್ಯಾಸೆಟ್ಟಿನ ಹಾಡುಗಳು ನೆಟ್ಟಗಿದ್ದವು.

ಡಿಸ್ಕಿನ ಹಾಳಾದ ಜಾಗದಲ್ಲಿ ಸಿಕ್ಕಿ ಓದಲು ಬಾರದೆ ಹೋದದ್ದು ಒಂದೇ ಫೋಲ್ಡರ್. ಹತ್ತು ವರ್ಷ ಕಷ್ಟಪಟ್ಟು ನಾನು ಬರೆದಿದ್ದ ಹಾಸ್ಯ ಲೇಖನಗಳೆಲ್ಲ ಅದರಲ್ಲಿದ್ದವು. ಗಿರಿಜಳಿಗೆ ಹೇಳಿದೆ. ಅವಳು ಕಣ್ಣೊರೆಸಿಕೊಂಡು, ಅಂದು ಮೊದಲ ಸಲ ನಕ್ಕಳು.

"ಯಾವುದನ್ನ ಉಳಿಸ್ಬೇಕು ಅಂತ ಶಿವನಿಗೆ ಗೊತ್ತು ಬುಡಿ."