ದರ್ಜಿಯವರು ಕೂರಿಸಿದ ಗಾಜು

ಆ ಬಿರುಗಾಳಿಗೆ ಎಷ್ಟೋ ಮರಗಳು ಉರುಳಿದವು, ಎಷ್ಟೋ ತಗಡುಗಳು ಹಾರಿದವು. ಅದರ ಬಗ್ಗೆ ದರ್ಜಿಯವರಿಗೆ ತಕರಾರಿಲ್ಲ. ಅವರ ತಕರಾರೆಲ್ಲ ಎದುರುಮನೆಯ ತಾರಸಿಯಲ್ಲಿದ್ದ ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ. ಬೀದಿಯುದ್ದಕ್ಕೂ ಜಾಗವಿದ್ದರೂ ಅದು ಹಾರಿ ಬಂದು ಇವರ ಮಹಡಿ ಕೋಣೆಯ ಕಿಟಕಿ ಗಾಜನ್ನೇ ಒಡೆದು, ಕರೆದು ಕೂರಿಸಿದ ಅತಿಥಿಯಂತೆ ಒಳಗೆ ನಿಂತಿತ್ತು.

ಬೇರೆ ಸಮಯವಾಗಿದ್ದರೆ ರಟ್ಟು ಅಂಟಿಸಿ ತಿಂಗಳುಗಟ್ಟಲೆ ಮುಂದೂಡುತ್ತಿದ್ದರು (ಮುಂದೂಡುವುದರಲ್ಲಿ ಅವರದು ಎತ್ತಿದ ಕೈ; ಬಟ್ಟೆ ಹೊಲಿಯಲು ಕೊಟ್ಟವರನ್ನು ಕೇಳಿ ನೋಡಿ). ಆದರೆ ಭಾನುವಾರ ಸಂಜೆ ಮಗಳು ಹಸುಗೂಸಿನೊಂದಿಗೆ ಬರುವವಳಿದ್ದಳು. ಮೊಮ್ಮಗಳನ್ನು ದರ್ಜಿಯವರು ಇನ್ನೂ ಕಣ್ಣಾರೆ ಕಂಡಿರಲಿಲ್ಲ. ಮಗುವಿಗೆ ಶೀತ ಬೇರೆ. "ಕಿಟಕಿ ಸರಿಹೋಗ್ಲಿಲ್ಲ ಅಂದ್ರೆ ಮುಂದಿನ ತಿಂಗಳು ಬರ್ತೀನಪ್ಪ" ಎಂದು ಅವಳು ಫೋನಿನಲ್ಲಿ ಹೇಳಿದ್ದೇ ತಡ, ಅವರು ಅಳತೆಯ ಟೇಪು ಕೈಗೆತ್ತಿಕೊಂಡಿದ್ದರು.

"ಗಾಜಿನಂಗಡಿಯವನನ್ನ ಕರೆಸಿಬಿಡಿ, ಹಾಕಿ ಹೋಗ್ತಾನೆ" ಎಂದರು ಹೆಂಡತಿ.

"ಊರವರ ಎದೆ, ಸೊಂಟ, ತೋಳು ಎಲ್ಲ ಅಳೆದವನು ನಾನು. ಮಿಸುಕಾಡದೆ ನಿಂತಿರೋ ಕಿಟಕಿ ಅಳೆಯೋಕೆ ಇನ್ನೊಬ್ಬ ಬೇಕಾ?"

ಅಳತೆ ಕರಾರುವಾಕ್ಕಾಗಿಯೇ ಇತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂಗಡಿಯಲ್ಲಿ ಹೇಳುವಾಗ ಅಭ್ಯಾಸಬಲದಿಂದ ನಾಲ್ಕೂ ಕಡೆ ಅರ್ಧರ್ಧ ಇಂಚು ಸೇರಿಸಿ ಹೇಳಿದರು. ಹೊಲಿಗೆಗೆಂದು ಒಳಗೆ ಬಿಡಬೇಕಲ್ಲ. ಗಾಜನ್ನು ರಗ್ಗಿನಲ್ಲಿ ಸುತ್ತಿ, ಉಸಿರು ಬಿಗಿಹಿಡಿದು ಮನೆಗೆ ತಂದು ಚೌಕಟ್ಟಿಗೆ ಹಿಡಿದರೆ ಅದು ಒಳಗೆ ಹೋಗಲು ಸುತರಾಂ ಒಪ್ಪಲಿಲ್ಲ.

"ಬಿಗಿ ಆಯ್ತೇನ್ರೀ? ಸ್ವಲ್ಪ ಬಿಚ್ಚಿ ಸಡಿಲ ಮಾಡಿ" ಎಂದರು ಹೆಂಡತಿ, ಬಾಯಿಗೆ ಕೈ ಅಡ್ಡ ಹಿಡಿದು.

ಗಾಜು ಅಂಗಡಿಗೆ ವಾಪಸ್ಸು ಹೋಗಿ ಅಂಚು ಕತ್ತರಿಸಿಕೊಂಡು ಬರುವಷ್ಟರಲ್ಲಿ ಭಾನುವಾರ ಮಧ್ಯಾಹ್ನವಾಗಿತ್ತು, ದರ್ಜಿಯವರ ಮುಖ ಊದಿಕೊಂಡಿತ್ತು.

"ನೋಡು, ಈ ಕೆಲಸ ಮುಗಿಯೋವರೆಗೂ ನೀನು ಬಾಯಿ ಬಿಡಕೂಡದು."

"ಆಯ್ತು."

"ಆಯ್ತು ಅನ್ನೋದೂ ಬೇಡ."

ಅದು ತೆರೆಯುವ ಕಿಟಕಿಯಲ್ಲ. ಬೆಳಕಿಗೆಂದು ಇಟ್ಟ ಒಂದೇ ದೊಡ್ಡ ಗಾಜು. ಮಳೆನೀರು ಒಳಗಿಳಿಯದಂತೆ ಅದನ್ನು ಹೊರಗಿನಿಂದ ಕೂರಿಸಿ ಪುಟ್ಟಿ ಮೆತ್ತಬೇಕು. ದರ್ಜಿಯವರು ಖಾಲಿ ಚೌಕಟ್ಟಿನಲ್ಲಿ ತೂರಿ, ಕೆಳಮನೆಯ ಕಿಟಕಿಯ ಮೇಲೆ ಚಾಚಿದ್ದ ಸಜ್ಜಕ್ಕೆ ಇಳಿದರು. ಹೆಂಡತಿ ಒಳಗಿನಿಂದ ಸುತ್ತಿಗೆ, ಮೊಳೆ, ಪುಟ್ಟಿ ಎಲ್ಲ ದಾಟಿಸಿದರು. ಗಾಜು ದಾಟಿಸುವಾಗ ಮಾತ್ರ ಅವರ ಕೈ ತಡೆಯಿತು. ಒಮ್ಮೆ ಗಂಡನತ್ತ, ಒಮ್ಮೆ ಕೋಣೆಯತ್ತ ಬೆರಳು ತೋರಿಸಿದರು.

"ಸನ್ನೆಯೂ ಬೇಡ. ಕೊಡು ಇತ್ತ" ಎಂದರು ದರ್ಜಿಯವರು.

ಕೊಟ್ಟರು. ಮದುವೆಯಾದಾಗಿನಿಂದ ಆಕೆ ಗಂಡನ ಅಪ್ಪಣೆಯನ್ನು ಅಕ್ಷರಶಃ ಪಾಲಿಸಿದ್ದು ಅದೇ ಮೊದಲು. ಆಮೇಲೆ ಆ ಪ್ಲಾಸ್ಟಿಕ್ ಕುರ್ಚಿಯನ್ನೇ ಎಳೆದುಕೊಂಡು ಕೂತು, ಆರಾಮಾಗಿ ನೋಡತೊಡಗಿದರು.

ಗಾಜು ಈ ಸಲ ಹೇಳಿ ಮಾಡಿಸಿದ ಹಾಗೆ ಕೂತಿತು. ದರ್ಜಿಯವರು ಗುಂಡಿಗೆ ಕಾಜಾ ಹಾಕುವ ಶ್ರದ್ಧೆಯಿಂದ ಸಣ್ಣ ಮೊಳೆಗಳನ್ನು ಹೊಡೆದರು, ಹೆಬ್ಬೆರಳಿನಿಂದ ಪುಟ್ಟಿ ಎಳೆದರು, ಒಂದು ಕಡೆಯೂ ಸೊಟ್ಟಗಾಗಲಿಲ್ಲ. ಅಂಗಿಯ ತೋಳಿನಿಂದ ಗಾಜು ಒರೆಸಿ, ಎದೆಯುಬ್ಬಿಸಿ, "ಈಗ ಮಾತಾಡು" ಎಂದು ಕೂಗಿದರು.

ಹೆಂಡತಿ ಎದ್ದು ಬಂದು ಗಾಜಿಗೆ ಬಾಯಿ ಹಚ್ಚಿ, "ಒಳಗೆ ಹೇಗೆ ಬರ್ತೀರಿ?" ಎಂದರು.

ದರ್ಜಿಯವರು ಎಡಕ್ಕೆ ನೋಡಿದರು, ಗೋಡೆ. ಬಲಕ್ಕೂ ಗೋಡೆ. ಕೆಳಮನೆಯವರು ಬೀಗ ಹಾಕಿಕೊಂಡು ಎಲ್ಲಿಗೋ ಹೋಗಿದ್ದರು. ನೆಲ ಎಷ್ಟು ಕೆಳಗಿದೆಯೆಂದು ಬಗ್ಗಿ ನೋಡಿ ಕಣ್ಣು ಮುಚ್ಚಿಕೊಂಡರು.

"ಮೊದಲೇ ಹೇಳೋಕೆ ಏನಾಗಿತ್ತೇ ನಿನಗೆ?"

"ಸನ್ನೆಯೂ ಬೇಡ ಅಂದ್ರಲ್ಲ."

ಅಷ್ಟರಲ್ಲಿ ಮಳೆ ಹನಿಯತೊಡಗಿತು. ಹೆಂಡತಿಯ ಮುಖದ ನಗು ಮಾಯವಾಯಿತು. ಗಂಡನಿಗೆ ಎತ್ತರವೆಂದರೆ ಆಗದೆಂದು ಆಕೆಗೆ ಗೊತ್ತು. "ಸುತ್ತಿಗೆ ನಿಮ್ಮ ಹತ್ರಾನೇ ಇದೆ. ಒಡೆದು ಬಂದುಬಿಡಿ. ಗಾಜು ಹಾಳಾಗಿ ಹೋಗ್ಲಿ" ಎಂದರು.

ದರ್ಜಿಯವರು ಸುತ್ತಿಗೆ ಎತ್ತಿದರು. ಗಾಜಿನಾಚೆ, ಮಂಚದ ಮೇಲೆ ತಾವೇ ಹೊಲಿದ ಅಂಗೈಯಗಲದ ದಿಂಬು ಕಾಣಿಸಿತು. ಸುತ್ತಿಗೆ ಇಳಿಸಿದರು.

"ಮಗು ಬರ್ತಿದೆ ಕಣೇ. ನಾನು ನೆಂದ್ರೆ ನೆಂದೆ. ಎಲ್ಲಾದ್ರೂ ಏಣಿ ನೋಡು."

ಏಣಿಗಿಂತ ಮೊದಲು ಮಗಳೇ ಬಂದಳು. ಜೊತೆಗೆ ಬಂದಿದ್ದ ಅಳಿಯ ನಿಂತ ಕಾಲಲ್ಲೇ ಏಣಿ ಹುಡುಕಲು ಓಡಿದ. ಮಗಳು ಕಿಟಕಿ ನೋಡಿ ಬೆಚ್ಚಿಬಿದ್ದು, "ಅಪ್ಪ ಯಾಕಮ್ಮ ಆಚೆ ನಿಂತಿದಾರೆ?" ಎಂದಳು.

"ನೀನು ಬರೋದನ್ನೇ ಕಾಯ್ತಿದ್ರು" ಎಂದರು ತಾಯಿ. ಗಂಡನನ್ನು ಬಿಟ್ಟುಕೊಡಲಿಲ್ಲ.

ಮಗಳು ಮಗುವನ್ನು ಗಾಜಿನ ಹತ್ತಿರ ತಂದು ಹಿಡಿದಳು. ದರ್ಜಿಯವರು ಮೂಗನ್ನು ಗಾಜಿಗೊತ್ತಿದರು. ಗುಬ್ಬಿಮರಿಯಷ್ಟು ಮುಖ, ಅದರ ತುಂಬ ಕಣ್ಣು. ಅವರಿಗೆ ಎಷ್ಟು ಸಂತೋಷವಾಯಿತೆಂದರೆ ತಾವು ಸಜ್ಜದ ತುದಿಯಲ್ಲಿ ನಿಂತಿರುವುದೇ ಮರೆತುಹೋಯಿತು.

"ಗಾಳಿ ಏನಾದ್ರೂ ನುಗ್ತಿದೆಯಾ?" ಎಂದು ಕೂಗಿದರು, ಬೆನ್ನ ಮೇಲೆ ನೀರು ಸುರಿಯುತ್ತಿತ್ತು.

"ಒಂಚೂರೂ ಇಲ್ಲ" ಎಂದು ಮಗಳು ತಲೆಯಾಡಿಸಿದಳು. ಮಗು ಅಜ್ಜನನ್ನೇ ನೋಡುತ್ತಾ ಬಾಯಿ ತುಂಬ ಆಕಳಿಸಿತು.

"ಪಾಪ, ನಿದ್ದೆ ಬಂತು. ಬೆಳಕು ಕಣ್ಣಿಗೆ ಹೊಡೆಯುತ್ತೆ" ಎನ್ನುತ್ತಾ ಹೆಂಡತಿ ಸರ್ರನೆ ಪರದೆ ಎಳೆದರು. ಆ ಪರದೆಯನ್ನು ಹೊಲಿದವರೂ ದರ್ಜಿಯವರೇ. ಅಳತೆಯಲ್ಲಿ ಒಂದು ಎಳೆಯಷ್ಟೂ ಕೊರತೆ ಇರಲಿಲ್ಲ.