ನಾತ ಎಂಬ ಹೊಗಳಿಕೆ

ನಾನು ಶಾಲೆ ಬಿಟ್ಟದ್ದು 1989ರಲ್ಲಿ, ಏಳನೇ ಕ್ಲಾಸಿನಲ್ಲಿ. ಮೂಡುಬಿದಿರೆಯಲ್ಲಿ ಕನ್ನಡ ಮಾಸ್ಟ್ರಾಗಿದ್ದ ನನ್ನ ಸೋದರಮಾವ ನಿವೃತ್ತರಾಗಿ ಹದಿನಾರು ವರ್ಷವಾಯಿತು. ಅವರು ಮಾತ್ರ ಇನ್ನೂ ಶಾಲೆ ಬಿಟ್ಟಿಲ್ಲ! ಮಕ್ಕಳಿಲ್ಲದ ಅವರು ಅತ್ತೆ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದರು. ತಂದದ್ದು ಎರಡು ಪಂಚೆ, ಮತ್ತೆ ಪೆಟ್ಟಿಗೆಗಟ್ಟಲೆ ಹಳೆಗನ್ನಡ.

ಪುಸ್ತಕದಲ್ಲಿದ್ದರೆ ಇರಲಿ, ಬಾಯಿಗೂ ಬರಬೇಕೆ? ಮೆಲ್ಕಾರಿನಲ್ಲಿ ಬಸ್ಸು ಹತ್ತಿ, “ಬಡಗಣಕ್ಕೆ ಒಂದು ಟಿಕೆಟು” ಎಂದವರು ಇವರು.

“ಅಂಥ ಸ್ಟಾಪು ಈ ರೂಟಿನಲ್ಲಿ ಇಲ್ಲ ಮಾರಾಯ್ರೆ,” ಎಂದ ಕಂಡಕ್ಟರ್.

“ಬಡಗಣ ಅಂದ್ರೆ ಉತ್ತರ ದಿಕ್ಕು!”

“ದಿಕ್ಕಿಗೆಲ್ಲ ಟಿಕೆಟು ಕೊಡ್ಲಿಕ್ಕೆ ಈ ಮೆಷಿನಿನಲ್ಲಿ ಬಟನ್ ಇಲ್ಲ.”

ಊರೆಲ್ಲ ನಕ್ಕಿತು, ನಾನೂ ನಕ್ಕೆ. ಮಗಳನ್ನು ನೋಡಲು ಬೆಳ್ತಂಗಡಿಯಿಂದ ಹುಡುಗನ ಕಡೆಯವರು ಬಂದ ದಿನ ನನ್ನ ನಗು ನಿಂತಿತು.

ನನ್ನದು ಮಡಂತ್ಯಾರಿನಲ್ಲಿ ಒಣಮೀನಿನ ವ್ಯಾಪಾರ. ಬುಟ್ಟಿ ಹೊತ್ತು ಕಟ್ಟಿದ ವ್ಯಾಪಾರ, ನಾಚಿಕೆ ಏನಿಲ್ಲ. ಆದರೂ ಆ ದಿನ ಮೂರು ಸಲ ಸೋಪು ಹಾಕಿ ಮಿಂದೆ. ಹೆಂಡತಿ ಹಚ್ಚಿದ ಊದುಬತ್ತಿಗೆ ದೇವರೇ ಕೆಮ್ಮಬೇಕು! ಮಗಳಿಗೂ ಹುಡುಗನಿಗೂ ಮೊದಲೇ ಮನಸ್ಸಾಗಿತ್ತು. ಹುಡುಗನ ತಾಯಿ ಒಪ್ಪುವುದೊಂದೇ ಬಾಕಿ.

ಮಗಳು ಮಲ್ಲಿಗೆ ಮುಡಿದು ಚಹಾ ತಂದಳು. ಮಾವ ಕಣ್ಣು ಮುಚ್ಚಿ, ಮೂಗರಳಿಸಿ ಘೋಷಿಸಿದರು: “ಆಹಾ! ನಮ್ಮ ಹುಡುಗಿಯ ತಲೆ ಎಷ್ಟು ನಾರ್ತದೆ ನೋಡಿ! ಮನೆಯೆಲ್ಲ ನಾತ!”

ನನಗೆ ಸಿಡಿಲು ಬಡಿದ ಹಾಗಾಯಿತು. ಹುಡುಗನ ತಾಯಿಯ ಲೋಟ ಕೆಳಗಿಳಿಯಿತು, ಸೆರಗು ಮೂಗಿಗೆ ಏರಿತು! “ಹೊರಡುವ” ಎಂದರು. ಐದು ನಿಮಿಷದಲ್ಲಿ ಅಂಗಳದಲ್ಲಿ ಕಾರಿಲ್ಲ.

“ಮಾವ, ನಿಮಗೆ ತಲೆ ಸಮ ಉಂಟಾ?”

“ನಾತ ಅಂದ್ರೆ ಪರಿಮಳ ಮಾರಾಯ! ಹಳೆ ಕಾವ್ಯದಲ್ಲಿ ಹೂವೂ ನಾರ್ತದೆ, ಗಂಧವೂ ನಾರ್ತದೆ. ಅದನ್ನು ಕೊಳೆತದ್ದಕ್ಕೆ ಮಾತ್ರ ಅಂತ ಮಾಡಿದ್ದು ನೀವುಗಳು!”

“ಅವರು ಕಾವ್ಯ ಓದಿ ಬಂದದ್ದಾ? ಕಾರಿನಲ್ಲಿ ಬಂದದ್ದು!”

ಒಳಗೆ ಮಗಳು ಅಳುವುದು ಕೇಳಿಸಿತು. ಮಾವ ಎದ್ದು ತಮ್ಮ ಪುಸ್ತಕದ ಪೆಟ್ಟಿಗೆಗಳ ಹತ್ತಿರ ಹೋದರು.

ಮರುದಿನ ಬೆಳಿಗ್ಗೆ ನೋಡಿದರೆ ಮಾವನೇ ಇಲ್ಲ! ಬಾವಿಕಟ್ಟೆಯಲ್ಲೂ ಇಲ್ಲ, ಬಸ್‌ಸ್ಟ್ಯಾಂಡಿನಲ್ಲೂ ಇಲ್ಲ. ಮಧ್ಯಾಹ್ನ ಅಂಗಡಿಗೆ ಫೋನು ಬಂತು. ಹುಡುಗನ ತಾಯಿ!

“ನಿಮ್ಮ ಮಾವ ಇಲ್ಲೇ ಇದ್ದಾರೆ. ಒಂದು ಚೀಲ ಪುಸ್ತಕ ಹೊತ್ತುಕೊಂಡು ಬಂದು, ನನ್ನನ್ನು ಎದುರು ಕೂರಿಸಿ ಎರಡು ಗಂಟೆ ಪಾಠ ಮಾಡಿದ್ರು. ನನಗೆ ಒಂದಕ್ಷರ ಅರ್ಥ ಆಗ್ಲಿಲ್ಲ.”

“ತಪ್ಪಾಯಿತು ಅಕ್ಕ…”

“ಸ್ವಲ್ಪ ಕೇಳಿ. ಕೊನೆಗೆ ಪುಸ್ತಕ ಮುಚ್ಚಿ ಹೇಳಿದ್ರು, ‘ನನ್ನ ಅಳಿಯ ಒಣಮೀನು ಮಾರುವವ, ಅವನ ಅಂಗಿಯೂ ನಾರ್ತದೆ. ಸಂಜೆ ಆ ವಾಸನೆ ಗೇಟಿನ ಹತ್ತಿರ ಬಂದ್ರೆ, ನನಗೂ ಒಬ್ಬ ಇದ್ದಾನೆ ಅಂತ ಧೈರ್ಯ’ ಅಂತ. ಅದೊಂದು ಅರ್ಥ ಆಯಿತು. ಹುಡುಗಿಯನ್ನು ನಮಗೆ ಕೊಡಿ.”

ಪಿಕಪ್ ತೆಗೆದುಕೊಂಡು ಮಾವನನ್ನು ಕರೆತರಲು ಹೊರಟೆ. ಅಂಗಿ ಬದಲಿಸಲಿಲ್ಲ.

ಈಗ ನನಗಿರುವುದು ಇಷ್ಟು: ಅಂಗಡಿ ಎರಡು, ಪಿಕಪ್ ಒಂದು. ಹೆಂಡತಿ, ಮಗಳು, ಬೆಳ್ತಂಗಡಿಯ ಅಳಿಯ, ಮಾವ, ಜನ ನಾಲ್ಕು.