ನನ್ನ ಮೊಲದ ಸಾರಿನ ಶಕ್ತಿಯನ್ನು ಕಂಡುಹಿಡಿದ ತಂಡದ ವೈದ್ಯರಿಗೆ

ಮಾನ್ಯ ವೈದ್ಯ ಮಹಾಶಯರೇ,

ಫ್ಲಾಂಡರ್ಸ್ ಸೀಮೆಯ ನಮ್ಮ ಸಣ್ಣ ಊರಿನ ಸೈಕಲ್ ಅಭಿಮಾನಿ ಸಂಘದ ಪರವಾಗಿ, ಮತ್ತು ಆ ಸಂಘದ ವಾರ್ಷಿಕ ಊಟಕ್ಕೆ ಇಪ್ಪತ್ತಾರು ವರ್ಷದಿಂದ ಸೌಟು ಹಿಡಿದಿರುವ ಈ ಮುದುಕಿಯ ಪರವಾಗಿ, ತಮಗೂ ತಮ್ಮ ತಂಡಕ್ಕೂ ತಮ್ಮ ಔಷಧದ ಪೆಟ್ಟಿಗೆಗೂ ನಮಸ್ಕಾರಗಳು. ತಾವು ಕ್ಷೇಮವಾಗಿರುವುದನ್ನು ಪತ್ರಿಕೆಯ ಚಿತ್ರದಲ್ಲಿ ಕಂಡು ಸಂತೋಷವಾಯಿತು. ನಾನು ಶಾಲೆಗೆ ಹೋದದ್ದು ಆರೇ ವರ್ಷ, ಮಿಕ್ಕ ಓದೆಲ್ಲ ಕ್ರೀಡಾ ಪುಟದಿಂದ ಆದದ್ದು. ಬರವಣಿಗೆಯಲ್ಲಿ ತಪ್ಪಿದ್ದರೆ ಮನ್ನಿಸಬೇಕು.

ತಮ್ಮ ತಂಡದ ಸವಾರ, ನಮ್ಮೂರ ಹುಡುಗ ರೂಬೆನ್ ಕಾಲೆವಾರ್ಟ್‌ನ ಮೂತ್ರದಲ್ಲಿ ಉದ್ದೀಪನ ಮದ್ದು ಸಿಕ್ಕಿತೆಂದು ಸುದ್ದಿ ಬಂದ ದಿನ, ಅದು ಅವನು ಸಂಘದ ಊಟದಲ್ಲಿ ಉಂಡ ಮೊಲದ ಸಾರಿನಿಂದ ಬಂದದ್ದೆಂದು ತಾವು ಹೇಳಿಕೆ ಕೊಟ್ಟಿರಿ. ಒಣ ಪ್ಲಮ್ ಹಣ್ಣು, ಕಪ್ಪು ಬಿಯರು, ಈರುಳ್ಳಿ, ಸಾಸಿವೆ ಸವರಿದ ಒಂದು ಚೂರು ಬ್ರೆಡ್ಡು ಹಾಕಿ ಸಣ್ಣ ಉರಿಯಲ್ಲಿ ಬೇಯಿಸುವ ಈ ಸಾರಿಗೆ ಗುಡ್ಡ ಹತ್ತಿಸುವ ಬಲವಿದೆಯೆಂದು, ನನಗೆ ಇದನ್ನು ಕಲಿಸಿದ ನನ್ನ ತಾಯಿಗೂ ಗೊತ್ತಿರಲಿಲ್ಲ.

ತಮಗೆ ನಗು ಬರಬಹುದು, ನಾನು ನಂಬಿದೆ. ಸವಾರ ಸೋತರೆ ನಮ್ಮವರು ಮೊದಲು ಗಾಳಿಯನ್ನು ಬೈಯುತ್ತಾರೆ, ಆಮೇಲೆ ರಸ್ತೆಯ ಕಲ್ಲುಗಳನ್ನು, ಆಮೇಲೆ ಸೈಕಲ್ಲಿನ ಚೈನನ್ನು. ಅವನನ್ನು ಅನುಮಾನಿಸುವ ಹೊತ್ತು ಬರುವಷ್ಟರಲ್ಲಿ ನಮಗೆ ಸುಸ್ತಾಗಿರುತ್ತದೆ. ಆದ್ದರಿಂದ ನಾನು ಸಂಘ ಸೇರುವ ಕೆಫೆಯಲ್ಲಿ ಎದ್ದು ನಿಂತು, ತಪ್ಪು ನನ್ನದು, ಹುಡುಗನನ್ನು ಯಾರೂ ಏನೂ ಅನ್ನಬೇಡಿ ಎಂದು ಕ್ಷಮೆ ಕೇಳಿದೆ. ಮದ್ದು ಮೇವಿನಿಂದಲೇ ಬಂದಿರಬೇಕೆಂದು, ಮನೆಗೆ ಬಂದು ಮೊಲದ ಮೇವನ್ನೆಲ್ಲ ಹಿತ್ತಲಲ್ಲಿ ಸುಟ್ಟೆ. ಉಳಿದ ಹನ್ನೊಂದು ಮೊಲಗಳೂ ಉಪವಾಸ ಕೂತು ನನ್ನನ್ನೇ ನೋಡಿದವು.

ಆ ಸಾರನ್ನು ಅರವತ್ತೆರಡು ಜನ ಉಂಡಿದ್ದರು ಮಹಾಶಯರೇ. ಎದುರುಮನೆಯ ಮೋರಿಸ್‌ಗೆ ಎಂಬತ್ತೊಂದು ವರ್ಷ. ಅವನು ಬೇಕರಿಯಲ್ಲಿ ಎಲ್ಲರ ಮುಂದೆ, "ಏನೇ ಝುಲ್ಮಾ, ನಾನೂ ಎರಡು ತಟ್ಟೆ ಉಂಡಿದೀನಲ್ಲೇ, ಮಹಡಿ ಹತ್ತೋಕೆ ಇವತ್ತಿಗೂ ಮಗಳು ಕೈ ಹಿಡೀಬೇಕು. ನನ್ನ ಪಾಲಿನ ಮದ್ದೂ ಅವನ ತಟ್ಟೆಗೇ ಬಡಿಸಿದ್ಯೇನೇ?" ಅಂದ. ಬೇಕರಿಯವಳು ನಗು ತಡೆದುಕೊಂಡು, "ಅಕ್ಕಾ, ನಮ್ಮನೆಯವ್ರಿಗೂ ಒಂದು ಸೌಟು ಕೊಡಿ, ಬೆಳಿಗ್ಗೆ ಹಾಸಿಗೆ ಬಿಟ್ಟು ಏಳಲ್ಲ" ಅಂದಳು. ನಾನೂ ನಕ್ಕೆ. ಆದರೆ ಬರುವ ವರ್ಷದ ಊಟಕ್ಕೆ ಕೋಳಿ ಮಾಡಿಸೋಣವೆಂದು ಸಂಘದವರು ನನ್ನ ಬೆನ್ನ ಹಿಂದೆ ಮಾತಾಡಿಕೊಂಡದ್ದು ಕಿವಿಗೆ ಬಿದ್ದಾಗ ನಗು ಬರಲಿಲ್ಲ.

ನಾಲ್ಕನೆಯ ದಿನ ಪತ್ರಿಕೆಯಲ್ಲಿ ಪೂರಾ ವಿವರ ಬಂತು. ರೂಬೆನ್ ಪರೀಕ್ಷೆಗೆ ಮೂತ್ರ ಕೊಟ್ಟದ್ದು ಗುರುವಾರ. ನಮ್ಮ ಊಟ ಇದ್ದದ್ದು ಶನಿವಾರ. ಉಣ್ಣುವ ಎರಡು ದಿನ ಮೊದಲೇ ಮೈಗೆ ಹತ್ತುವ ಸಾರನ್ನು ನಾನು ಮಾಡಿದ್ದೇನೆಂದು ಜಗತ್ತಿಗೆ ಸಾರಿದ ತಮ್ಮ ಔದಾರ್ಯಕ್ಕೆ ಹೇಗೆ ಕೃತಜ್ಞತೆ ಹೇಳಲಿ? ಗುರುವಾರ ಆ ಸಾರಿನ ಮೊಲಗಳು ಇನ್ನೂ ಕ್ಯಾರೆಟ್ ಸೊಪ್ಪು ತಿನ್ನುತ್ತಿದ್ದವು.

ಅಂದೇ ಸಂಜೆ ರೂಬೆನ್ ಬಂದ. ಎಂಟು ವರ್ಷದವನಿದ್ದಾಗಿಂದ ನನ್ನ ಅಡುಗೆಮನೆಗೆ ಸೀದಾ ನುಗ್ಗುತ್ತಿದ್ದವನು ಹಿತ್ತಲ ಬಾಗಿಲಲ್ಲೇ ನಿಂತ. "ಅಜ್ಜಿ, ಡಾಕ್ಟರು ಬರೆದುಕೊಟ್ಟ ಹೇಳಿಕೆಗೆ ಸಹಿ ಹಾಕ್ದೆ. ಹಾಕ್ದಿದ್ರೆ ತಂಡದಲ್ಲಿ ಜಾಗ ಇಲ್ಲ ಅಂದ್ರು." ಮದ್ದು ತಗೊಂಡ್ಯಾ ಅಂತ ಕೇಳಿದೆ. ತಗೊಂಡೆ ಅಂದ. ವಿಚಾರಣೆಯಲ್ಲೂ ಇದನ್ನೇ ಹೇಳ್ತೀಯಾ ಅಂದೆ. ಊಟ ಹಾಕಿದೆ, ಅದು ಅವನಿಗೆ ಸೇರಲಿಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಬಿನ್ನಹಗಳು. ವರ್ಷಕ್ಕೊಮ್ಮೆ ವೈದ್ಯರಿಗಾಗಿಯೇ ಒಂದು ಸ್ಪರ್ಧೆ ಏರ್ಪಡಿಸಬೇಕು. ತಾವೆಲ್ಲ ಮಳೆಯಲ್ಲಿ ನಮ್ಮ ಕಲ್ಲುಹಾಸಿನ ಗುಡ್ಡವನ್ನು ಹನ್ನೊಂದು ಸಲ ಹತ್ತಬೇಕು, ಸವಾರರು ಬೇಲಿಯ ಪಕ್ಕ ನಿಂತು ಆಲೂಗಡ್ಡೆ ಕರಿದದ್ದು ತಿನ್ನುತ್ತಾ, ಇನ್ನೂ ಜೋರಾಗಿ ತುಳಿಯಿರಿ ಎಂದು ಕೂಗಬೇಕು. ಗೆದ್ದ ವೈದ್ಯರು ಮೂತ್ರಪರೀಕ್ಷೆಯ ಬಾಟಲಿ ತುಂಬಿಸುವವರೆಗೆ ಹೊರಗೆ ನಾವು ಬ್ಯಾಂಡ್ ಬಾರಿಸುತ್ತೇವೆ.

ಅದು ಆಗದಿದ್ದರೆ ಇಷ್ಟು ಮಾಡಿ, ಸಾಕು. ನಮ್ಮ ಹುಡುಗರಿಗೆ ನಿಧಾನವಾಗಿ ಬರಲು ಅಪ್ಪಣೆ ಕೊಡಿ. ನಲವತ್ತು ವರ್ಷದಿಂದ ಸ್ಪರ್ಧೆ ನೋಡಲು ಆ ಗುಡ್ಡದ ಮೇಲೆ ನಿಂತಿದ್ದೇನೆ, ಇನ್ನೊಂದು ಗಂಟೆ ಹೆಚ್ಚು ನಿಂತರೆ ನನ್ನ ಕಾಲೇನೂ ಉದುರಿ ಬೀಳುವುದಿಲ್ಲ. ಬೆಳಿಗ್ಗೆ ಕಾಫಿ ಕುಡಿದು, ಬ್ರೆಡ್ಡು, ಜಾಮು ತಿಂದು ಹೊರಟವನು ಅದರ ಬಲದಲ್ಲೇ ಏದುಸಿರು ಬಿಡುತ್ತಾ ಬಂದದ್ದನ್ನು ಸಾಯುವ ಮುಂಚೆ ಒಮ್ಮೆ ಖಾತರಿಯಾಗಿ ನೋಡಬೇಕು. ಅವನು ಎಷ್ಟನೆಯವನಾಗಿ ಬಂದನೆಂದು ಕೇಳುವುದಿಲ್ಲ.

ಹದಿನಾಲ್ಕರಂದು ವಿಚಾರಣೆ. ರೂಬೆನ್ ತನ್ನ ಮಾತನ್ನು ತಾನೇ ಆಡಲಿ, ತಾವು ಬರೆದುಕೊಡಬೇಡಿ. ನಿಜ ಹೇಳಿದರೆ ಅವನನ್ನು ಎರಡು ವರ್ಷ ಹೊರಗಿಡುತ್ತಾರಂತೆ. ಇಡಲಿ. ಆ ಎರಡು ವರ್ಷ ಅವನು ಉಣ್ಣುವುದೆಲ್ಲಿ ಎಂಬ ಚಿಂತೆ ತಮಗೆ ಬೇಡ.

ಮೂರು ದಿನ ತಮ್ಮ ಮಾತನ್ನು ಪೂರಾ ನಂಬಿದ್ದ,
ತಮ್ಮ ವಿಶ್ವಾಸಿ,
ಝುಲ್ಮಾ ಫರ್ಹಾಖೆ

ತಾ.ಕ.: ತಂಡದ ಇನ್ನೊಬ್ಬ ಸವಾರನಿಗೂ ಕಾರಣ ಬೇಕಾಗಿದೆಯೆಂದು ಕೇಳಿದೆ. ನನ್ನ ತಂಗಿ ಇರ್ಮಾ ಒಳ್ಳೆಯ ಸೇಬಿನ ಕಡುಬು ಮಾಡುತ್ತಾಳೆ. ಕಿವಿ ಕೇಳಿಸದ ಕಾರಣ ಯಾರು ಏನಂದರೂ ಬೇಸರ ಮಾಡಿಕೊಳ್ಳುವವಳಲ್ಲ, ಧಾರಾಳವಾಗಿ ಅವಳ ಹೆಸರು ಬರೆಯಬಹುದು. ಆದರೆ ಅವಳು ಕಡುಬು ಮಾಡುವುದು ಭಾನುವಾರ ಮಾತ್ರ. ಈ ಸಲ ದಯವಿಟ್ಟು ಕ್ಯಾಲೆಂಡರ್ ನೋಡಿಕೊಳ್ಳಿ.